ಕೆರೆಗೆ ಚರಂಡಿ ನೀರು ಬರುತ್ತಿದೆ, ಯಾರೂ ಹೊಣೆ ಹೊರುತ್ತಿಲ್ಲ. ಏನು ಮಾಡೋಣ?

ಪ್ರಶ್ನೆ: ನಮ್ಮದು ಚಿತ್ರದುರ್ಗ ನಗರಕ್ಕೆ ಹತ್ತಿರದ ಹಳ್ಳಿ. ಊರ ಕೆರೆಗೆ ನೀರು ತರುವ ಹಳ್ಳದಲ್ಲಿ ಈಗ ಮಳೆ ನೀರಿಗಿಂತ ಚರಂಡಿ ನೀರೇ ಜಾಸ್ತಿ. ನಗರದ ಹೊಸ ಬಡಾವಣೆಗಳ ನೀರೂ ಅದಕ್ಕೇ ಸೇರುತ್ತದೆ. ಮುಂಗಾರು ಶುರುವಾದಾಗ ರಾಶಿ ರಾಶಿ ಮೀನು ಸತ್ತು ತೇಲಿದವು. ನಗರಸಭೆ, ಗ್ರಾಮ ಪಂಚಾಯಿತಿ, ಸಣ್ಣ ನೀರಾವರಿ ಇಲಾಖೆ ಮೂರೂ ಕಡೆ ಮನವಿ ಕೊಟ್ಟೆವು. ಎಲ್ಲರೂ ‘ನಮ್ಮ ವ್ಯಾಪ್ತಿಗೆ ಬರಲ್ಲ’ ಅನ್ನುತ್ತಾರೆ. ಊರಲ್ಲೇ ಕೆಲವರು ‘ಆ ನೀರಿಂದಲೇ ತರಕಾರಿ ಬೆಳೀತೀವಿ, ಸುಮ್ನಿರಿ’ ಅಂತಾರೆ. ನಾವು ಧರಣಿ ಕೂರಬೇಕಾ, ಕೋರ್ಟಿಗೆ ಹೋಗಬೇಕಾ?
– ಯುವಕ ಸಂಘವೊಂದರ ಸದಸ್ಯರು, ಚಿತ್ರದುರ್ಗ ತಾಲ್ಲೂಕು (ಊರಿನ ಹೆಸರು ಬೇಡ ಎಂದು ಕೇಳಿಕೊಂಡಿದ್ದಾರೆ)

ಉತ್ತರ: ಧರಣಿ, ಕೋರ್ಟು ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಹಳ್ಳದ ಗುಂಟ ಮೇಲಕ್ಕೆ ನಡೆಯಿರಿ.

ಕೆರೆ ಉಳಿಸುವ ಹೋರಾಟಗಳು ಹೆಚ್ಚಾಗಿ ಏರಿ ಮೇಲೆ ನಡೆಯುತ್ತವೆ. ಬ್ಯಾನರ್ ಕಟ್ಟುವುದು ಅಲ್ಲಿ, ಫೋಟೊ ತೆಗೆಯುವುದು ಅಲ್ಲಿ, ಜನಪ್ರತಿನಿಧಿಗಳು ಬಂದು ನಿಲ್ಲುವುದೂ ಅಲ್ಲೇ. ಅದರ ಫಲವೂ ಏರಿ ಮೇಲೆಯೇ ಸಿಗುತ್ತದೆ: ಒಂದಿಷ್ಟು ಕಲ್ಲು ಬೆಂಚು, ನಡೆದಾಡುವ ದಾರಿ, ತಂತಿ ಬೇಲಿ, ದೀಪ. ಕೆಳಗೆ ನೀರು ಮಾತ್ರ ಹಾಗೇ ಕಪ್ಪಗಿರುತ್ತದೆ. ಕೊಳಕು ನೀರು ಹಳ್ಳಕ್ಕೆ ಬೀಳುವ ಜಾಗ ಕೆರೆಯಿಂದ ಒಂದೋ ಎರಡೋ ಕಿಲೋಮೀಟರ್ ಮೇಲಿರುತ್ತದೆ. ನಿಮ್ಮ ಹೋರಾಟ ಶುರುವಾಗಬೇಕಾದ್ದು ಅಲ್ಲಿ. ‘ಕೆರೆ ಉಳಿಸಿ’ ಎಂಬ ಮನವಿಯನ್ನು ಯಾವ ಕಚೇರಿ ಬೇಕಾದರೂ ಪಕ್ಕದ ಕಚೇರಿಗೆ ದಾಟಿಸಬಹುದು. ‘ಇಂಥ ರಸ್ತೆಯ ಸೇತುವೆ ಕೆಳಗೆ, ಇಂಥ ಪೈಪಿನಿಂದ, ಇಂಥ ದಿನ ಶುದ್ಧೀಕರಿಸದ ನೀರು ಹಳ್ಳಕ್ಕೆ ಬೀಳುತ್ತಿತ್ತು’ ಎಂದು ಬರೆದರೆ ಅಷ್ಟು ಸುಲಭಕ್ಕೆ ದಾಟಿಸಲು ಬರುವುದಿಲ್ಲ.

ಹಾಗಂತ ಮೂರೂ ಕಚೇರಿಯವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇರುವ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರುತ್ತವೆ. 40ರಿಂದ 2,000 ಹೆಕ್ಟೇರ್ ಇರುವವು ಸಣ್ಣ ನೀರಾವರಿಗೆ. ಆ ಇಲಾಖೆ ನೋಡುವುದು ಏರಿ, ತೂಬು, ಕೋಡಿ, ನಾಲೆ. ಚರಂಡಿ ನೀರು ಅವರ ಕೆಲಸದ ಪಟ್ಟಿಯಲ್ಲಿಲ್ಲ. ನಗರದ ಒಳಚರಂಡಿ, ಅಂದರೆ ನಾವೆಲ್ಲ ಯುಜಿಡಿ ಅನ್ನುವುದು, ಅದನ್ನು ಸಾಮಾನ್ಯವಾಗಿ ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕಟ್ಟಿ ನಗರಸಭೆಗೆ ಒಪ್ಪಿಸುತ್ತದೆ. ಹೊಸ ಬಡಾವಣೆಗೆ ಅನುಮತಿ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ. ನೀರು ಬಂದು ನಿಲ್ಲುವುದು ಮಾತ್ರ ನಿಮ್ಮ ಪಂಚಾಯಿತಿಯ ಗಡಿಯಲ್ಲಿ. ಇಷ್ಟು ಜನರ ನಡುವೆ ಕೆರೆ ಯಾರದು ಎಂದು ಕೇಳುತ್ತಾ ಕೂತರೆ ವರ್ಷಗಳೇ ಹೋಗುತ್ತವೆ.

ಮಾಲಿನ್ಯದ ಕಾನೂನು ಆ ಪ್ರಶ್ನೆ ಕೇಳುವುದೇ ಇಲ್ಲ. ಅದು ಕೇಳುವುದು ಕೊಳಕು ಬಿಟ್ಟವರು ಯಾರು, ಬಿಡಲು ಬಿಟ್ಟವರು ಯಾರು ಎಂದು. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯ 24ನೇ ಕಲಮು ಓದಿ ನೋಡಿ. ನೀರಿನ ಮೂಲಕ್ಕೆ ಹೊಲಸು ಸೇರಿಸುವುದಷ್ಟೇ ಅಲ್ಲ, ಗೊತ್ತಿದ್ದೂ ಸೇರಲು ಬಿಡುವುದೂ ಅದರ ಪ್ರಕಾರ ತಪ್ಪು. ಆ ಕಾಯ್ದೆ ನೀರಿನ ಮೂಲ ಎಂದು ಕರೆಯುವುದರಲ್ಲಿ ಮನುಷ್ಯರು ಕಟ್ಟಿದ ಕೆರೆಯೂ ಸೇರುತ್ತದೆ, ಸದ್ಯಕ್ಕೆ ಒಣಗಿರುವ ಹಳ್ಳವೂ ಸೇರುತ್ತದೆ. ನಮ್ಮ ಕಡೆಗೆ ಈ ಕೊನೆಯ ಮಾತು ಬಹಳ ಮುಖ್ಯ. ‘ಅದು ಹಳ್ಳ ಅಲ್ಲ ಸ್ವಾಮಿ, ಚರಂಡಿ’ ಎಂದು ಯಾರಾದರೂ ಹೇಳಿದರೆ ಗ್ರಾಮ ನಕಾಶೆ ತೆಗೆದು ತೋರಿಸಿ. ನಕಾಶೆಯಲ್ಲಿ ಹಳ್ಳ ಎಂದಿದ್ದರೆ ಅದು ಹಳ್ಳವೇ.

ಈ ಕಾಯ್ದೆಯನ್ನು ಜಾರಿ ಮಾಡಬೇಕಾದ್ದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ನೀವು ಮನವಿ ಕೊಟ್ಟ ಮೂರು ಕಚೇರಿಗಳಲ್ಲಿ ಇದು ಇಲ್ಲ, ಗಮನಿಸಿದಿರಾ? ಮಂಡಳಿಯ ಪ್ರಾದೇಶಿಕ ಕಚೇರಿ ಚಿತ್ರದುರ್ಗದಲ್ಲೇ ಇದೆ. ಕಾರ್ಖಾನೆಗೆ ಮಾತ್ರ ನೋಟಿಸ್ ಕೊಡುವ ಕಚೇರಿ ಅದು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕಾಯ್ದೆಯ 33-ಎ ಕಲಮಿನಲ್ಲಿ ಮಂಡಳಿ ಯಾವುದೇ ವ್ಯಕ್ತಿಗೆ, ಅಧಿಕಾರಿಗೆ, ಪ್ರಾಧಿಕಾರಕ್ಕೆ ಲಿಖಿತ ನಿರ್ದೇಶನ ಕೊಡಬಹುದು. ನಗರಸಭೆಯೂ ಅದರಲ್ಲಿ ಬಂತು.

ಇನ್ನು ನಡಿಗೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮುಂದಿನ ಎಲ್ಲ ಕೆಲಸವೂ ಇದರ ಮೇಲೆಯೇ ನಿಲ್ಲುತ್ತದೆ.

ಬೇಸಿಗೆಯಲ್ಲಿ, ಮಳೆ ಬಂದು ಹಲವು ದಿನ ಕಳೆದ ಮೇಲೆ ಹೋಗಿ. ಆಗ ಹಳ್ಳದಲ್ಲಿ ಹರಿಯುವ ಹನಿ ಹನಿ ನೀರೂ ಚರಂಡಿಯದೇ. ಮಳೆ ನೀರು ಬೆರೆತಿದೆ ಎಂಬ ಮಾತಿಗೆ ಜಾಗವೇ ಇರುವುದಿಲ್ಲ. ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಹೋದರೆ ಮನೆಗಳ ಸ್ನಾನ, ಶೌಚ, ಪಾತ್ರೆ ನೀರೆಲ್ಲ ಒಟ್ಟಿಗೆ ಬರುವ ಹೊತ್ತು ಸಿಗುತ್ತದೆ. ಜಾಗ, ತಾರೀಕು, ಸಮಯ ಚಿತ್ರದ ಮೇಲೇ ಬೀಳುವಂತೆ ಮೊಬೈಲಿನಲ್ಲಿ ಜಿಪಿಎಸ್ ಕ್ಯಾಮೆರಾ ಆ್ಯಪ್ ಹಾಕಿಕೊಳ್ಳಿ. ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪಿನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಅದನ್ನೂ ಬರೆದುಕೊಳ್ಳಿ.

ಹಳ್ಳಕ್ಕೆ ಬೀಳುವ ಪ್ರತಿಯೊಂದು ಬಾಯಿಯನ್ನೂ ಗುರುತಿಸಿ. ಕೆಲವು ತೆರೆದ ಚರಂಡಿಗಳಿರುತ್ತವೆ. ಕೆಲವು ಕಡೆ ಮ್ಯಾನ್‌ಹೋಲ್ ಕಟ್ಟಿಕೊಂಡು ಮೇಲಿಂದ ಉಕ್ಕುತ್ತಿರುತ್ತದೆ. ಕೆಲವು ಕಡೆ ಯುಜಿಡಿ ಪೈಪನ್ನೇ ಹಳ್ಳಕ್ಕೆ ತಿರುಗಿಸಿರುತ್ತಾರೆ. ವೆಟ್‌ವೆಲ್ಲಿನ, ಅಂದರೆ ಚರಂಡಿ ನೀರು ಕೂಡಿಸಿ ಮುಂದಕ್ಕೆ ಪಂಪ್ ಮಾಡುವ ಬಾವಿಯ, ಪಂಪು ಕೆಟ್ಟು ನೀರು ಹೊರಗೆ ಹರಿಯುತ್ತಿರಬಹುದು. ರಾತ್ರಿ ಹೊತ್ತು ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಸಕ್ಕಿಂಗ್ ಲಾರಿಯವರು ಹಳ್ಳಕ್ಕೇ ಸುರಿದು ಹೋಗಿರಬಹುದು. ನೀವು ಎಲ್ಲವನ್ನೂ ‘ಕೊಳಚೆ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೀರಿ. ಆದರೆ ಒಂದೊಂದಕ್ಕೂ ಮದ್ದು ಬೇರೆ, ಹೊಣೆ ಬೇರೆ. ಲಾರಿಯನ್ನು ನಾಳೆಯೇ ನಿಲ್ಲಿಸಬಹುದು. ಕಟ್ಟಿದ ಮ್ಯಾನ್‌ಹೋಲ್ ಒಂದು ವಾರದ ಕೆಲಸ. ಪಂಪಿಗೆ ಒಂದೆರಡು ತಿಂಗಳು ಬೇಕಾದೀತು. ಹೊಸ ಶುದ್ಧೀಕರಣ ಘಟಕಕ್ಕೆ ವರ್ಷಗಳೇ ಹಿಡಿಯುತ್ತವೆ. ಎಲ್ಲವನ್ನೂ ಸೇರಿಸಿ ಕೇಳಿದರೆ ನಿಮಗೆ ಸಿಗುವ ಉತ್ತರ ಒಂದೇ: ‘ಡಿಪಿಆರ್ (ಯೋಜನೆಯ ವಿವರವಾದ ವರದಿ) ತಯಾರಾಗ್ತಿದೆ’. ಬಿಡಿ ಬಿಡಿಯಾಗಿ ಕೇಳಿದರೆ ನಾಳೆ ಆಗುವ ಕೆಲಸ ನಾಳೆಯೇ ಆಗುತ್ತದೆ.

ಇಲ್ಲೊಂದು ಎಚ್ಚರಿಕೆ. ಮ್ಯಾನ್‌ಹೋಲ್ ಸ್ವಚ್ಛ ಮಾಡಿ ಎಂದು ನೀವು ಒತ್ತಡ ಹಾಕಿದಾಗ ಯಾರನ್ನೋ ಒಳಗೆ ಇಳಿಸುವ ಅಪಾಯವಿದೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು ನಿಷೇಧಿಸಿದೆ. ‘ಯಂತ್ರದಿಂದಲೇ ಆಗಬೇಕು’ ಎಂದು ನಿಮ್ಮ ಪತ್ರದಲ್ಲೇ ಬರೆಯಿರಿ. ಕೆರೆಗಾಗಿ ಒಬ್ಬ ಪೌರಕಾರ್ಮಿಕರ ಜೀವ ಹೋಗಬಾರದು. ಹಾಗೆಯೇ ಸಿಟ್ಟಿನಲ್ಲಿ ಪೈಪಿನ ಬಾಯಿಗೆ ಮಣ್ಣು ತುಂಬಿ ಮುಚ್ಚಲು ಹೋಗಬೇಡಿ. ನೀರು ಹಿಂದಕ್ಕೆ ನುಗ್ಗುವುದು ತಗ್ಗಿನಲ್ಲಿರುವ ಬಡವರ ಮನೆಗಳಿಗೆ. ಆಮೇಲೆ ಕೇಸು ನಿಮ್ಮ ಮೇಲೆ.

ಮೀನು ಏಕೆ ಸತ್ತವು ಎಂಬುದನ್ನು ನೀವು ನೇರವಾಗಿ ಕೇಳಿಲ್ಲ. ಆದರೆ ಅದು ಗೊತ್ತಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಚರಂಡಿ ನೀರಿನ ಸಾರಜನಕ, ರಂಜಕ ಪಾಚಿಗೆ ಒಳ್ಳೆಯ ಗೊಬ್ಬರ. ಪಾಚಿ ಹಗಲಲ್ಲಿ ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಹಾಗಾಗಿ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಇದರ ಮೇಲೆ ಮೊದಲ ದೊಡ್ಡ ಮಳೆ ಬರುತ್ತದೆ. ಬೇಸಿಗೆಯಿಡೀ ಹಳ್ಳದಲ್ಲಿ ಕೂತಿದ್ದ ಕಪ್ಪು ರಾಡಿ ಒಂದೇ ಸಲ ಕೆರೆಗೆ ನುಗ್ಗುತ್ತದೆ. ಅದು ಕೊಳೆಯುತ್ತಾ ಉಳಿದ ಆಮ್ಲಜನಕವನ್ನೂ ತಿಂದುಹಾಕುತ್ತದೆ. ಮೋಡ ಮುಚ್ಚಿರುವುದರಿಂದ ಹಗಲಲ್ಲೂ ಪಾಚಿಯಿಂದ ಹೆಚ್ಚು ಸಿಗುವುದಿಲ್ಲ. ಮೀನು ಮೇಲೆ ಬಂದು ಬಾಯಿ ತೆರೆದು ಒದ್ದಾಡುತ್ತವೆ, ಬೆಳಗಾಗುವಷ್ಟರಲ್ಲಿ ತೇಲುತ್ತವೆ. ‘ಯಾರೋ ವಿಷ ಹಾಕಿದ್ದಾರೆ’ ಎಂಬ ಸುದ್ದಿ ಹಬ್ಬುತ್ತದೆ. ಅದನ್ನು ನಂಬಿ ಊರೊಳಗೆ ಜಗಳ ಶುರುವಾಗುತ್ತದೆ. ನಿಮ್ಮ ಊರಲ್ಲಿ ಮುಂಗಾರಿನ ಆರಂಭದಲ್ಲೇ ಸತ್ತಿವೆ ಎಂದಿದ್ದೀರಿ. ನನ್ನ ಅನುಮಾನ ಮೊದಲು ಚರಂಡಿ ರಾಡಿಯ ಮೇಲೇ. ಮುಂದೆ ಹೀಗಾದರೆ ಅದೇ ಬೆಳಿಗ್ಗೆ ಮಂಡಳಿಗೂ ಮೀನುಗಾರಿಕೆ ಇಲಾಖೆಗೂ ಫೋನ್ ಮಾಡಿ, ಜೊತೆಗೆ ಇಮೇಲ್ ಕಳಿಸಿ. ಮೂರು ದಿನ ಬಿಟ್ಟು ನೀರು ತೆಗೆದರೆ ಏನೂ ಸಿಗದಿರಬಹುದು.

ನೀರಿನ ಪರೀಕ್ಷೆಗೂ ಒಂದು ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಬಳಕೆಗೆ ತಕ್ಕಂತೆ ಎ-ಯಿಂದ ಇ-ವರೆಗೆ ಐದು ದರ್ಜೆಗಳಾಗಿ ವಿಂಗಡಿಸಿದೆ. ಸ್ನಾನಕ್ಕೆ ಯೋಗ್ಯವಾದ ‘ಬಿ’ ದರ್ಜೆಗೆ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಅಥವಾ ಹೆಚ್ಚು ಇರಬೇಕು, ಬಿಒಡಿ 3 ಮಿಲಿಗ್ರಾಂ ದಾಟಬಾರದು. ಮೀನು ಬದುಕುವ ‘ಡಿ’ ದರ್ಜೆಗೆ ಆಮ್ಲಜನಕ ಕನಿಷ್ಠ 4 ಬೇಕು. ಬಿಒಡಿ ಎಂದರೆ ನೀರಿನಲ್ಲಿರುವ ಹೊಲಸನ್ನು ಅರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಲೆಕ್ಕ. ಮನೆಗಳಿಂದ ಬರುವ ಹಸಿ ಚರಂಡಿ ನೀರಿನಲ್ಲಿ ಇದು ಸಾಮಾನ್ಯವಾಗಿ 200ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಹೆಚ್ಚಿರುತ್ತದೆ. ನಿಮ್ಮ ಹಳ್ಳದ ನೀರು ಆ ಅಂಕಿಯ ಹತ್ತಿರ ಬಂದರೆ ವಾದವೇ ಬೇಕಿಲ್ಲ.

ಆದರೆ ನೀವೇ ಬಾಟಲಿಯಲ್ಲಿ ತುಂಬಿ ಖಾಸಗಿ ಲ್ಯಾಬಿಗೆ ಕೊಟ್ಟ ವರದಿಯನ್ನು ನಂಬಿ ಕೇಸು ಹಾಕಲು ಹೋಗಬೇಡಿ. ಜಲ ಕಾಯ್ದೆಯ 21ನೇ ಕಲಮು ಸ್ಯಾಂಪಲ್ ತೆಗೆಯುವ ವಿಧಾನವನ್ನು ಬಿಗಿಯಾಗಿ ಹೇಳಿದೆ. ಎದುರಿನವರಿಗೆ ನೋಟಿಸ್ ಕೊಡಬೇಕು, ಅವರ ಮುಂದೆ ತೆಗೆದು ಭಾಗ ಮಾಡಿ ಸೀಲ್ ಮಾಡಬೇಕು. ಹಾಗೆ ಮಾಡದಿದ್ದರೆ ಮಂಡಳಿಯ ವರದಿಯೇ ಕಾಯ್ದೆಯಡಿಯ ಕೇಸಿನಲ್ಲಿ ನಿಲ್ಲುವುದಿಲ್ಲ. ನಿಮ್ಮ ಪರೀಕ್ಷೆಯ ಉಪಯೋಗ ಬೇರೆ. ‘ನಮಗೆ ಸಿಕ್ಕ ಅಂಕಿ ಇದು, ದಯವಿಟ್ಟು ಕಾಯ್ದೆ ಪ್ರಕಾರ ಸ್ಯಾಂಪಲ್ ತೆಗೆಯಿರಿ’ ಎಂದು ಕೇಳಲು ಅದು ಗಟ್ಟಿ ಆಧಾರ. ಅಷ್ಟಕ್ಕೆ ಸಾಕು.

ಸ್ಯಾಂಪಲ್ ಎಲ್ಲಿಂದ ತೆಗೆಯಬೇಕು ಎಂಬುದನ್ನೂ ನೀವೇ ಸೂಚಿಸಿ. ಚರಂಡಿ ಬೀಳುವ ಜಾಗಕ್ಕಿಂತ ಮೇಲೆ ಒಂದು, ಬೀಳುವ ಬಾಯಿಯಲ್ಲಿ ಒಂದು, ಹಳ್ಳ ಕೆರೆ ಸೇರುವಲ್ಲಿ ಒಂದು, ತೂಬಿನ ಹತ್ತಿರ ಒಂದು. ತೂಬಿನ ಹತ್ತಿರ ಮಾತ್ರ ತೆಗೆದರೆ ಅಂಕಿ ಚೆನ್ನಾಗಿಯೇ ಬರಬಹುದು, ಏಕೆಂದರೆ ಹೊಲಸೆಲ್ಲ ಮೇಲಿನ ತುದಿಯಲ್ಲೇ ತಳಕ್ಕೆ ಕೂತಿರುತ್ತದೆ. ಏರಿ ಕೆಳಗಿನ ಬೋರ್‌ವೆಲ್‌ಗಳನ್ನೂ ಸೇರಿಸಿಕೊಳ್ಳಿ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಅಂತರ್ಜಲಕ್ಕೆ ಫ್ಲೋರೈಡಿನ ಕಾಟ ಮೊದಲೇ ಇದೆ. ಮಳೆ ನೀರು ತುಂಬಿದ ಕೆರೆ ಇಂಗಿ ಅದರ ತೀವ್ರತೆ ತಗ್ಗಿಸುತ್ತಿತ್ತು. ಈಗ ಚರಂಡಿ ಇಂಗಿದರೆ ನೈಟ್ರೇಟೂ ಸೇರಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಬೋರ್‌ವೆಲ್ ವರದಿ ಕೈಗೆ ಬಂದರೆ ವಿಷಯ ಕೆರೆಯದು ಮಾತ್ರ ಆಗಿ ಉಳಿಯುವುದಿಲ್ಲ, ಕುಡಿಯುವ ನೀರಿನದಾಗುತ್ತದೆ. ಅದನ್ನು ಯಾರೂ ಬದಿಗಿಡಲಾರರು. 2023ರ ಆಗಸ್ಟ್‌ನಲ್ಲಿ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದು ಇಲ್ಲಿ ಯಾರಿಗೂ ಮರೆತಿಲ್ಲ.

ಈಗ ನಿಮ್ಮ ಪ್ರಶ್ನೆಯ ಅತ್ಯಂತ ಕಷ್ಟದ ಭಾಗಕ್ಕೆ ಬರುತ್ತೇನೆ: ‘ಆ ನೀರಿಂದಲೇ ತರಕಾರಿ ಬೆಳೀತೀವಿ’ ಅನ್ನುವ ನಿಮ್ಮ ಊರಿನವರು.

ಅವರನ್ನು ದಯವಿಟ್ಟು ಎದುರಾಳಿ ಅಂದುಕೊಳ್ಳಬೇಡಿ. ಮಳೆ ಕಡಿಮೆ ಇರುವ ನಾಡಿನಲ್ಲಿ ವರ್ಷಪೂರ್ತಿ ಹರಿಯುವ ನೀರು ಚರಂಡಿಯದಾದರೂ ರೈತರು ಬಿಡುವುದಿಲ್ಲ. ಅದರಲ್ಲಿ ಗೊಬ್ಬರವೂ ಇದೆ. ಸೊಪ್ಪು, ಹುಲ್ಲು ಚೆನ್ನಾಗಿ ಬರುತ್ತದೆ. ನಾಲ್ಕು ಕಾಸು ಕೈಗೆ ಸೇರುತ್ತದೆ. ‘ಚರಂಡಿ ನೀರು ಬಂದ್ ಮಾಡಿ’ ಎಂದು ನೀವು ಕೂಗಿದರೆ ಅವರ ಕಿವಿಗೆ ಬೀಳುವುದು ‘ನಿಮ್ಮ ಹೊಲ ಒಣಗಲಿ’ ಎಂದು. ಇದೇ ಬಿಕ್ಕಟ್ಟು ದೊಡ್ಡ ಪ್ರಮಾಣದಲ್ಲೂ ನಡೆದಿದೆ. 1980ರ ದಶಕದಲ್ಲಿ ಹರಿಹರದ ಬಳಿ ಕಾರ್ಖಾನೆಯ ಕೊಳಕಿನಿಂದ ತುಂಗಭದ್ರೆ ಕೆಟ್ಟಾಗ ನದಿ ದಂಡೆಯ ಹಳ್ಳಿಗಳ ಜೊತೆ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೋರಾಟಕ್ಕೆ ಇಳಿಯಿತು. ಅಲ್ಲಿ ಒಂದು ಕಡೆ ಮೀನುಗಾರರ, ರೈತರ ಬದುಕು, ಇನ್ನೊಂದು ಕಡೆ ಕಾರ್ಖಾನೆಯ ಕೆಲಸದ ಬದುಕು. ಹೊಟ್ಟೆಪಾಡಿನ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಿ ಯಾವ ನೀರಿನ ಹೋರಾಟವೂ ಬಹಳ ದೂರ ಹೋಗಲಾರದು.

ಹಾಗಾಗಿ ನಿಮ್ಮ ಬೇಡಿಕೆಯನ್ನೇ ಬದಲಿಸಿ. ‘ನೀರು ನಿಲ್ಲಿಸಿ’ ಅನ್ನಬೇಡಿ. ‘ಶುದ್ಧ ಮಾಡಿದ ನೀರು ಕೊಡಿ’ ಅನ್ನಿ. ಸರಿಯಾಗಿ ನಡೆಯುವ ಘಟಕದಿಂದ ಹೊರಬರುವ ನೀರು ಬೇಸಾಯಕ್ಕೆ ಬರುತ್ತದೆ, ರೈತರು ಕಳೆದುಕೊಳ್ಳುವುದು ಏನೂ ಇಲ್ಲ. ಹಸಿ ಚರಂಡಿ ನೀರಿನಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡುವವರಿಗೆ ಕೊಕ್ಕೆಹುಳು, ಚರ್ಮದ ತುರಿಕೆ ಕಾಡುತ್ತದೆ. ಮಕ್ಕಳಿಗೆ ಭೇದಿ, ಜಂತುಹುಳು. ಇದನ್ನು ಭಾಷಣದಲ್ಲಿ ಹೇಳಬೇಡಿ. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ ಮನೆಯಲ್ಲಿ ಕೂತು ಮಾತಾಡಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆಗೆ ಈ ನೀರು ಬೇಡ, ಸದ್ಯಕ್ಕೆ ಹುಲ್ಲಿಗೋ ಹೂವಿಗೋ ಬಳಸಿ ಎಂದು ಕೇಳಿಕೊಂಡರೆ ಕೆಲವರಾದರೂ ಒಪ್ಪುತ್ತಾರೆ. ಉಪ್ಪಿನ ಮಾತನ್ನಂತೂ ರೈತರು ತಾವೇ ಎತ್ತುತ್ತಾರೆ. ಚರಂಡಿ ನೀರು ಹಾಯಿಸಿದ ಹೊಲ ಉಪ್ಪು ಕೂಡಿ ವರ್ಷಗಳ ಮೇಲೆ ಗಟ್ಟಿಯಾಗುವುದನ್ನು ಅವರು ಕಂಡಿರುತ್ತಾರೆ.

ಮೀನು ಪಾಶುವಾರು, ಅಂದರೆ ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ, ಹಿಡಿದವರನ್ನೂ ಜೊತೆಗೆ ತನ್ನಿ. ಅವರಿಗೆ ಆದ ನಷ್ಟಕ್ಕೆ ಲೆಕ್ಕವಿದೆ, ಕಾಗದವಿದೆ. ಕುರಿ ಕಾಯುವವರನ್ನು, ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರನ್ನು ಕೇಳಿ. ಯಾವ ವರ್ಷದಿಂದ ಒಗೆಯುವುದು ಬಿಟ್ಟರು ಎಂಬುದು ಅವರಿಗೆ ಸರಿಯಾಗಿ ನೆನಪಿರುತ್ತದೆ. 2002ರಲ್ಲಿ ಶುರುವಾದ, ಕೆರೆಗಳನ್ನು ಸುಧಾರಿಸುವ ಜಲ ಸಂವರ್ಧನೆ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೂ ಬಳಕೆದಾರರ ಸಂಘಗಳು ಆಗಿದ್ದವು. ನಿಮ್ಮ ಊರಲ್ಲೂ ಆಗಿದ್ದರೆ ಅದರ ಹಳೇ ನಡಾವಳಿ ಪುಸ್ತಕ ಹುಡುಕಿ. ಹೊಸ ಸಂಘಕ್ಕಿಂತ ಹಳೇ ಸಂಘದ ಲೆಟರ್‌ಹೆಡ್‌ಗೆ ಬೆಲೆ ಜಾಸ್ತಿ.

ಇನ್ನೊಂದು ಬಳಗ ನಿಮಗೆ ಹೊಳೆಯದೇ ಇರಬಹುದು: ನಿಮ್ಮ ಕೋಡಿ ಹರಿದರೆ ನೀರು ಸೇರುವ ಕೆಳಗಿನ ಊರಿನವರು. ನಮ್ಮಲ್ಲಿ ನೀರು ಯಾವತ್ತೂ ಒಂಟಿಯಾಗಿ ನಿಂತಿಲ್ಲ. ದುರ್ಗದ ಕೋಟೆಯಲ್ಲೇ ನೋಡಿ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ, ಸಂತೆ ಹೊಂಡ, ಮೇಲಿನದು ತುಂಬಿದರೆ ಕೆಳಗಿನದಕ್ಕೆ. ಹಳ್ಳಿ ಕೆರೆಗಳದ್ದೂ ಅದೇ ಸಾಲು. ಇವತ್ತು ನಿಮ್ಮ ಕೆರೆಯಲ್ಲಿ ನಿಂತಿರುವ ಕೊಳಕು ಒಳ್ಳೆ ಮಳೆ ಬಂದ ವರ್ಷ ಅವರದಾಗುತ್ತದೆ. ನಗರದ ಜನಕ್ಕೆ ಈ ಅರಿವು ಕಡಿಮೆಯಾಗಿದ್ದಕ್ಕೆ ಕಾರಣವೂ ಇದೆ. ಸೂಳೆಕೆರೆಯಿಂದ, ವಾಣಿವಿಲಾಸ ಸಾಗರದಿಂದ ನಲ್ಲಿಗೆ ನೀರು ಬಂದ ಮೇಲೆ ಪಕ್ಕದ ಕೆರೆ ಕಣ್ಣಿಗೆ ಬೀಳುವುದು ನಿಂತಿತು. ಎರಡು ಗ್ರಾಮ ಪಂಚಾಯಿತಿಗಳ ಗ್ರಾಮಸಭೆಯಲ್ಲಿ ಒಂದೇ ಠರಾವು ಪಾಸಾದರೆ ಅದು ಒಂದು ಯುವಕ ಸಂಘದ ಮನವಿಗಿಂತ ಬಹಳ ಭಾರ. ಗ್ರಾಮಸಭೆ ಕಾಟಾಚಾರಕ್ಕೆ ನಡೆಯುತ್ತದೆ ಎಂದು ಬಿಡಬೇಡಿ. ಮೊದಲೇ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ವಿಷಯ ಬರೆದು ಕೊಟ್ಟು, ನಡಾವಳಿಯಲ್ಲಿ ಸೇರಿದೆಯೇ ಎಂದು ನೋಡಿ, ನಕಲು ಪಡೆಯಿರಿ.

ಇಷ್ಟಾದ ಮೇಲೆ ಕಾಗದದ ದಾರಿ. ಮಾಲಿನ್ಯ ಮಂಡಳಿಗೆ, ನಗರಸಭೆ ಪೌರಾಯುಕ್ತರಿಗೆ, ಜಿಲ್ಲಾಧಿಕಾರಿಗೆ ಒಂದೇ ದಿನ ದೂರು ಕೊಡಿ. ಜಿಲ್ಲಾಧಿಕಾರಿ ಜಿಲ್ಲಾ ಕೆರೆ ಸಮಿತಿಯ ಅಧ್ಯಕ್ಷರೂ ಹೌದು, ಹಾಗಾಗಿ ಇಲಾಖೆಗಳನ್ನೆಲ್ಲ ಒಂದೇ ಮೇಜಿಗೆ ಕರೆಯಬಲ್ಲವರು ಅವರು. ಪ್ರತಿ ಕಚೇರಿಯಲ್ಲೂ ಟಪಾಲು ವಿಭಾಗದ ಸೀಲು, ತಾರೀಕು ಹಾಕಿಸಿಕೊಳ್ಳಿ. ಸಾಹೇಬರ ಕೈಗೇ ಕೊಟ್ಟು ಫೋಟೊ ತೆಗೆಸಿಕೊಂಡು ಬಂದರೆ ಅದಕ್ಕೆ ನಂಬರ್ ಇರುವುದಿಲ್ಲ. ನಂಬರ್ ಇಲ್ಲದ ಮನವಿ ಕಡತ ಆಗುವುದಿಲ್ಲ. 1902ಕ್ಕೆ ಫೋನ್ ಮಾಡಿ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದಲ್ಲೂ ದಾಖಲಿಸಿ.

ಉತ್ತರ ಬರದಿದ್ದರೆ ಮೂರು ದಾರಿಗಳಿವೆ. ಮೂರರಲ್ಲಿ ಜನಕ್ಕೆ ಕಡಿಮೆ ಗೊತ್ತಿರುವುದನ್ನು ಮೊದಲು ಹೇಳುತ್ತೇನೆ. ಸಾರ್ವಜನಿಕ ಉಪದ್ರವ ತೆಗೆಸಲು ಉಪವಿಭಾಗಾಧಿಕಾರಿಯೇ ಆದೇಶ ಮಾಡಬಹುದು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು. 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು. ಮಧ್ಯಪ್ರದೇಶದ ರತ್ಲಾಮಿನ ಒಂದು ಬಡಾವಣೆಯ ಜನ ಇದೇ ಕಲಮಿನಡಿ ತೆರೆದ ಚರಂಡಿಯ ವಿರುದ್ಧ ಹೋದರು. ಪುರಸಭೆ ದುಡ್ಡಿಲ್ಲ ಎಂದಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಪೀಠ, ಹಣವಿಲ್ಲ ಎಂಬುದು ಕರ್ತವ್ಯದಿಂದ ತಪ್ಪಿಸಿಕೊಳ್ಳುವ ನೆಪವಾಗದು ಎಂದು ತೀರ್ಪು ಕೊಟ್ಟಿತು. ನಗರಸಭೆ ‘ಅನುದಾನ ಬಂದಿಲ್ಲ’ ಎಂದಾಗ ಈ ತೀರ್ಪನ್ನು ಪತ್ರದಲ್ಲಿ ಉಲ್ಲೇಖಿಸಿ.

ಎರಡನೆಯದು ಜಲ ಕಾಯ್ದೆಯ 49ನೇ ಕಲಮು. ಮಂಡಳಿಗೆ 60 ದಿನಗಳ ನೋಟಿಸ್ ಕೊಟ್ಟು ಸಾಮಾನ್ಯ ನಾಗರಿಕರೂ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಹಾಕಬಹುದು. ಹಾಗೆ ಹಾಕಿದವರು ಕೇಳಿದರೆ ಮಂಡಳಿ ತನ್ನಲ್ಲಿರುವ ವರದಿಗಳನ್ನು ಕೊಡಬೇಕು. ನೋಟಿಸ್ ಹೋದ ಮೇಲೇ ಎಷ್ಟೋ ಕಡತಗಳು ಎದ್ದು ಓಡಾಡಲು ಶುರುಮಾಡುತ್ತವೆ.

ಮೂರನೆಯದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ಕರ್ನಾಟಕಕ್ಕೆ ಚೆನ್ನೈಯ ದಕ್ಷಿಣ ವಲಯ ಪೀಠ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬಹುದು. ಇಲ್ಲಿ ಕಾಲದ ಲೆಕ್ಕ ಬಿಗಿ. ನ್ಯಾಯಮಂಡಳಿ ಕಾಯ್ದೆಯ 14ನೇ ಕಲಮಿನ ಅರ್ಜಿಗೆ ತಕರಾರು ಹುಟ್ಟಿದ ದಿನದಿಂದ 6 ತಿಂಗಳು, ಸಕಾರಣವಿದ್ದರೆ ಇನ್ನು 60 ದಿನ. ಕೆಟ್ಟ ಪರಿಸರವನ್ನು ಮೊದಲಿನಂತೆ ಮಾಡಿಸಿ ಎಂದು 15ನೇ ಕಲಮಿನಲ್ಲಿ ಕೇಳಲು 5 ವರ್ಷ. ಮನವಿ ಕೊಡುತ್ತಲೇ ವರ್ಷ ಕಳೆದ ಊರುಗಳಿಗೆ ಇದು ದೊಡ್ಡ ಪೆಟ್ಟು. ಹಾಗಾಗಿ ಮೀನು ಸತ್ತ ದಿನ, ಫೋಟೊ, ಪಂಚಾಯಿತಿ ಮಹಜರು ಏನಿದೆಯೋ ಎಲ್ಲ ಈಗಲೇ ಒಟ್ಟು ಮಾಡಿ ತಾಲ್ಲೂಕಿನ ವಕೀಲರೊಬ್ಬರಿಗೆ ತೋರಿಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಿಗೆ ಉಚಿತವಾಗಿಯೂ ನೆರವು ಸಿಗುತ್ತದೆ.

ಧರಣಿ? ಅದು ಬೇಡವೇ ಬೇಡ ಅನ್ನುತ್ತಿಲ್ಲ. ಕೈಯಲ್ಲಿ ನಕಾಶೆ, ವರದಿ, ಠರಾವು, ಟಪಾಲು ನಂಬರ್ ಇದ್ದಾಗ ನಗರಸಭೆ ಮುಂದೆ ಒಂದು ದಿನ ಕೂತರೂ ಪತ್ರಿಕೆಯವರಿಗೆ ಬರೆಯಲು ವಿಷಯ ಇರುತ್ತದೆ, ಅಧಿಕಾರಿಗೆ ಉತ್ತರ ಕೊಡಲೇಬೇಕಾದ ಪ್ರಶ್ನೆ ಇರುತ್ತದೆ. ಹೂಳೆತ್ತಿಸಿ, ಪಾರ್ಕ್ ಮಾಡಿಸಿ ಎಂದು ಮಾತ್ರ ಈಗ ಕೇಳಬೇಡಿ. ಚರಂಡಿ ನಿಲ್ಲದೆ ಹೂಳೆತ್ತುವುದು ಕೊಳಕಿಗೆ ಇನ್ನಷ್ಟು ಜಾಗ ಮಾಡಿಕೊಟ್ಟಂತೆ. ಜಲಕಳೆ ತೆಗೆಸುವುದೂ ಅಷ್ಟೇ. ಗೊಬ್ಬರದ ನೀರು ಬರುತ್ತಿರುವ ತನಕ ಅದು ಮತ್ತೆ ಹಬ್ಬುತ್ತದೆ.

ಕೊನೆಗೆ, ನೀವು ನಾಳೆಯೇ ಕಳಿಸಬಹುದಾದ ಮಾಹಿತಿ ಹಕ್ಕು ಅರ್ಜಿಯ ಸಾಲುಗಳು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ‘ಏಕೆ ಮಾಡಿಲ್ಲ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಿಲ್ಲ ಎನ್ನುತ್ತಾರೆ. ದಾಖಲೆಯ ನಕಲನ್ನೇ ಕೇಳಿ. ನಗರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೀಗೆ ಬರೆಯಿರಿ:

‘ವಿಷಯ: ಹಳ್ಳಕ್ಕೆ ಸೇರುತ್ತಿರುವ ಒಳಚರಂಡಿ ನೀರು. (ರಸ್ತೆ, ಸೇತುವೆ, ಸರ್ವೆ ನಂಬರ್ ಬರೆಯಿರಿ) ಸ್ಥಳದ ಮೇಲ್ಭಾಗದ ವಾರ್ಡುಗಳ ಒಳಚರಂಡಿ ಜಾಲದ ನಕ್ಷೆಯ ನಕಲು. ಈ ವಾರ್ಡುಗಳಲ್ಲಿ ಒಳಚರಂಡಿ ಸಂಪರ್ಕ ಇರುವ ಮತ್ತು ಇಲ್ಲದ ಮನೆಗಳ ಪಟ್ಟಿಯ ನಕಲು. ಮಲಿನ ನೀರು ಶುದ್ಧೀಕರಣ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ ನೀಡಿದ ಸಮ್ಮತಿ ಪತ್ರದ ನಕಲು. ಕಳೆದ 12 ತಿಂಗಳಲ್ಲಿ ಘಟಕಕ್ಕೆ ಬಂದ ಹಾಗೂ ಶುದ್ಧವಾದ ನೀರಿನ ದಿನವಾರು ದಾಖಲೆಯ ನಕಲು. ವೆಟ್‌ವೆಲ್ ಪಂಪುಗಳ ಲಾಗ್ ಪುಸ್ತಕದ ನಕಲು. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ವಾಹನಗಳಿಗೆ ನೀಡಿದ ಪರವಾನಗಿಗಳ ನಕಲು.’

30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಮಾಲಿನ್ಯ ಮಂಡಳಿಯಲ್ಲಿ ಸಮ್ಮತಿ ಪತ್ರಗಳ ಷರತ್ತು ಬರೆದಿಟ್ಟ ರಿಜಿಸ್ಟರನ್ನು ನೋಡಲು ಮಾಹಿತಿ ಹಕ್ಕೂ ಬೇಕಿಲ್ಲ. ಜಲ ಕಾಯ್ದೆಯ 25ನೇ ಕಲಮಿನ ಪ್ರಕಾರ ಆ ನೀರಿನಿಂದ ತೊಂದರೆಗೊಳಗಾದ ಯಾರು ಬೇಕಾದರೂ ಕಚೇರಿ ವೇಳೆಯಲ್ಲಿ ಹೋಗಿ ನೋಡಬಹುದು. ಹೋಗುವಾಗ ಇಬ್ಬರು ಹೋಗಿ. ಒಬ್ಬರು ಓದಲಿ, ಇನ್ನೊಬ್ಬರು ಬರೆದುಕೊಳ್ಳಲಿ.